ಗಣಪತಿಯ ತೂಕ

ಕಲ್ಲು ಕೂಡಿಸುವವನ ಮನೆಗೆ ಕಳ್ಳರು ಬರುವುದಿಲ್ಲ. ಈ ಹವ್ಯಾಸದಿಂದ ಸಿಗುವ ಸುಖ ಇದೊಂದೇ ಎಂದು ನನ್ನ ಹೆಂಡತಿ ಭಾಗೀರಥಿ ಹೇಳುತ್ತಾಳೆ. ಅಂಚೆಚೀಟಿ ಕೂಡಿಸುವವರಿಗೆ, ಹಳೆಯ ನಾಣ್ಯ ಕೂಡಿಸುವವರಿಗೆ ಊರಿನಲ್ಲಿ ಒಂದು ಮರ್ಯಾದೆ ಇದೆ. ಎಡವಿದರೆ ಚಿರೆಕಲ್ಲಿಗೇ ಕಾಲು ತಾಗುವ ಶಿರಸಿಯಲ್ಲಿ ಕೂತು, ಕಡಲಾಚೆಯಿಂದ ಹತ್ತಿಯಲ್ಲಿ ಸುತ್ತಿದ ಕಲ್ಲು ತರಿಸುವವನನ್ನು ಜನ ಹೇಗೆ ನೋಡುತ್ತಾರೆಂದು ನಾನು ಬರೆಯಬೇಕಾಗಿಲ್ಲ. ಆದರೆ ಕಳ್ಳರ ಭಯ ಇಲ್ಲವೆಂದ ಮಾತ್ರಕ್ಕೆ ಭಯವೇ ಇಲ್ಲವೆಂದು ತಿಳಿಯಬಾರದು. ಅಡಿಕೆಯಷ್ಟು ದೊಡ್ಡ ಒಂದು ಕೆಂಪು ಕಲ್ಲು ನನ್ನನ್ನು ಹದಿನೇಳು ದಿನ ಹೆದರಿಸಿ ಹಣ್ಣು ಮಾಡಿತು. ಹಾವಿಗಾಗಲಿ, ಹುಲಿಗಾಗಲಿ, ನಮ್ಮ ಹೆಡ್ಮಾಸ್ತರರಿಗಾಗಲಿ ನಾನು ಅಷ್ಟು ಹೆದರಿದ್ದಿಲ್ಲ.

ತಪ್ಪೆಲ್ಲ ಪುಣೆಯ ಕಾಲೇಜಿನದು ಎಂದು ಒಂದು ಕಾಲಕ್ಕೆ ಹೇಳುತ್ತಿದ್ದೆ. ಅಲ್ಲಿ ಭೂಗರ್ಭಶಾಸ್ತ್ರ ಕಲಿಸಿದ ಪ್ರೊಫೆಸರರು ಮೊದಲ ದಿನವೇ ಒಂದು ಹಳದಿ ಕಲ್ಲನ್ನು ಎತ್ತಿ ಹಿಡಿದು, ಇದೇನು ಎಂದು ಕೇಳಿದರು. ನಾವೆಲ್ಲ ಒಂದೇ ದನಿಯಲ್ಲಿ ಚಿನ್ನ ಎಂದೆವು. ಅದು ಚಿನ್ನವಾಗಿರಲಿಲ್ಲ. "ಬಣ್ಣವನ್ನು ನಂಬಬೇಡಿ. ಕಣ್ಣನ್ನು ನಂಬಬೇಡಿ. ಗೀರಿ ನೋಡಿ, ತೂಗಿ ನೋಡಿ" ಎಂದರು ಅವರು. ನಾನು ಆ ಮಾತನ್ನು ಕಲ್ಲಿಗಷ್ಟೇ ಇಟ್ಟುಕೊಳ್ಳದೆ ಊರಿಗೂ ಮನೆಗೂ ತಂದೆ. ಪಂಚಾಂಗವನ್ನು ಸಂಶಯಿಸಿದೆ, ಶಕುನವನ್ನು ಸಂಶಯಿಸಿದೆ, ದೇವರನ್ನು ಸಂಶಯಿಸಿದೆ. ಮನೆಯಲ್ಲಿ ತೀರ್ಥ ತೆಗೆದುಕೊಳ್ಳುವುದನ್ನು ಬಿಟ್ಟೆ. ಹೀಗೆ ಸಂಶಯಿಸುವುದಕ್ಕೆ ಹೊರಗೆ ಏನೂ ಉಳಿಯದೆ ಹೋದಾಗ ಅದು ತಿರುಗಿ ನನ್ನನ್ನೇ ಹಿಡಿಯಿತು. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವುದು, ಊಟವಾಯಿತೇ ಎಂದು ಯಾರಾದರೂ ಕೇಳಿದರೆ ಭಾಗೀರಥಿಯ ಮುಖ ನೋಡುವುದು, ಇವೆಲ್ಲ ಶುರುವಾದವು. ಒಮ್ಮೆ ಗಡಿಯಾರಕ್ಕೆ ಕೀಲಿ ಕೊಟ್ಟೆನೇ ಎಂದು ನೋಡಲು ಶಾಲೆಯ ಬಾಗಿಲಿನಿಂದ ಓಡಿ ಬಂದವನಿಗೆ, ಅಂದು ಭಾನುವಾರವೆಂದು ಮನೆಯಲ್ಲಿ ತಿಳಿಸಿದರು.

ಆದರೂ ಕಲ್ಲಿನ ಹುಚ್ಚು ಬಿಡಲಿಲ್ಲ. ಪುಣೆಯ ಸುತ್ತಿನ ಕಲ್ಲುಗಣಿಗಳಲ್ಲಿ ಕಪ್ಪು ಬಂಡೆಯನ್ನು ಒಡೆದರೆ ಕೆಲವೊಮ್ಮೆ ಅದರ ಹೊಟ್ಟೆಯಲ್ಲಿ ಹಸಿರು, ಬಿಳಿ ಹರಳುಗಳ ಗೂಡು ಸಿಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಅಂಥವನ್ನು ಎರಡು ಟ್ರಂಕು ತುಂಬ ಕೂಡಿಸಿದ್ದೆ. ಶಿರಸಿಗೆ ಬಂದು ವಿಜ್ಞಾನದ ಮಾಸ್ತರನಾದ ಮೇಲೆ ಅವನ್ನು ಒಂದೊಂದಾಗಿ ಪರದೇಶಕ್ಕೆ ಕಳಿಸಿ, ಬದಲಿಗೆ ಅಲ್ಲಿಯ ಕಲ್ಲುಗಳನ್ನು ತರಿಸಿಕೊಳ್ಳುತ್ತಿದ್ದೆ. ಬ್ರೆಜಿಲಿನ ನೇರಳೆ ಹರಳು, ಇಂಗ್ಲೆಂಡಿನ ತವರದ ಅದುರು, ಸಿಸಿಲಿಯ ಗಂಧಕದ ಹರಳು ಹೀಗೆ ಬಂದವು. ಹೆಚ್ಚಿನವನ್ನು ಕಳಿಸುತ್ತಿದ್ದವನು ಜರ್ಮನಿಯ ಗಣಿಯೂರಿನ ಒಬ್ಬ ಮುದುಕ ಔಷಧಿ ವ್ಯಾಪಾರಿ. ಪಾರ್ಸೆಲು ಮುಂಬಯಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ, ಅಲ್ಲಿಂದ ಮುಂದೆ ಮೋಟಾರಿನಲ್ಲಿ ಬರಬೇಕು. ಮೋಟಾರಿನ ಏಜೆಂಟರಾದ ಹಸನ್ ಸಾಹೇಬರು ಪ್ರತಿ ಸಲವೂ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ತೂಗಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ಮಾಸ್ತರ್ರೇ, ಹುಬ್ಬಳ್ಳಿಯಿಂದ ಇಲ್ಲಿವರೆಗೆ ರಸ್ತೆ ತುಂಬ ಕಲ್ಲೇ ಉಂಟು. ಅದರಲ್ಲೇ ನಾಲ್ಕು ಆರಿಸಿ ತಂದು ಕೊಡ್ತೇನೆ. ವಿಲಾಯತಿದು ಅಂತ ಚೀಟಿ ಹಚ್ಚಿಕೊಳ್ರಿ, ಯಾರಿಗೆ ಗೊತ್ತಾಗ್ತದೆ?"

ಸಿದ್ದಾಪುರದ ಕಡೆ ಕರ ಕೊಡುವುದಿಲ್ಲವೆಂದು ಜನ ನಿಂತಿದ್ದ ದಿನಗಳು ಅವು. ಭಾರವಾದ ಪೆಟ್ಟಿಗೆ ಕಂಡರೆ ಪೊಲೀಸರು ಬಿಚ್ಚಿಸುತ್ತಿದ್ದರು. ನನ್ನ ಪೆಟ್ಟಿಗೆಯನ್ನೂ ಒಬ್ಬ ಹವಾಲ್ದಾರ ಬಿಚ್ಚಿಸಿದ್ದನಂತೆ. "ಬಿಚ್ಚಿ ನೋಡಿದ, ಕಲ್ಲು. ಹತ್ತಿ ತೆಗೆದು ನೋಡಿದ, ಅಡಿಗೂ ಕಲ್ಲು. ಆಮೇಲೆ ನಿಮ್ಮ ಹೆಸರು ಓದಿ, ಪಾಪ, ಏನೂ ಅನ್ನದೆ ಮತ್ತೆ ಕಟ್ಟಿ ಕೊಟ್ಟ" ಎಂದರು ಸಾಹೇಬರು.

ನಮ್ಮ ಮನೆಯ ಮೊದಲನೆಯ ಕಲ್ಲುಸಂಗ್ರಾಹಕ ನಾನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆ ಮರ್ಯಾದೆ ನನ್ನ ಮುತ್ತಜ್ಜನಿಗೆ ಸಲ್ಲಬೇಕು. ಅವನು ಕಾಶಿಗೆ ನಡೆದು ಹೋಗಿ ಬರುವಾಗ ಪಂಚಾಯತನದ ಐದು ಕಲ್ಲು ತಂದಿದ್ದ. ಗಂಡಕಿಯ ಸಾಲಿಗ್ರಾಮ ವಿಷ್ಣು, ನರ್ಮದೆಯ ಬಾಣ ಶಿವ, ಸ್ವರ್ಣಮುಖಿಯ ಹೊಳೆಯುವ ಕಲ್ಲು ದೇವಿ, ಒಂದು ಸ್ಫಟಿಕ ಸೂರ್ಯ, ಶೋಣಾ ನದಿಯ ಕೆಂಪು ಕಲ್ಲು ಗಣಪತಿ. ಇವು ಒಂದು ಹಿತ್ತಾಳೆಯ ಪೆಟ್ಟಿಗೆಯಲ್ಲಿದ್ದವು. ಅಪ್ಪಯ್ಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿ ಯಾವ ಊರಿಗೆ ವರ್ಗವಾದರೂ ಪೆಟ್ಟಿಗೆ ಜೊತೆಗೆ ಹೋಗುತ್ತಿತ್ತು. ನಿವೃತ್ತರಾಗಿ ನನ್ನ ಬಾಡಿಗೆ ಮನೆಗೆ ಬರುವಾಗಲೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮೋಟಾರಿನಲ್ಲಿ ಕೂತು ಬಂದರು. ನಲವತ್ತು ವರ್ಷ ಒಂದು ದಿನವೂ ತಪ್ಪದೆ ಅವರು ಆ ಐದು ಕಲ್ಲುಗಳನ್ನು ಮೀಯಿಸಿದ್ದಾರೆ. ಆ ನೀರೇ ತೀರ್ಥ. ಮನೆಯಲ್ಲಿ ಎಲ್ಲರೂ ಅದನ್ನು ಮೂರು ಉದ್ಧರಣೆ ಕುಡಿದ ಮೇಲೆಯೇ ಬೇರೆ ಏನಾದರೂ ಬಾಯಿಗೆ ಹಾಕಬೇಕು. ಎಲ್ಲರೂ ಎಂದರೆ, ನನ್ನ ಹೊರತು.

ಮಾಘ ಮಾಸದಲ್ಲಿ ಯಲ್ಲಾಪುರದಲ್ಲಿ ಅಪ್ಪಯ್ಯನ ತಂಗಿಯ ಮೊಮ್ಮಗನ ಉಪನಯನ ಬಂತು. ಹೋಗಿ ಬರಲು ನಾಲ್ಕು ದಿನ ಬೇಕು. ಪೂಜೆ ನಿಲ್ಲುವ ಹಾಗಿಲ್ಲ. ಅಪ್ಪಯ್ಯ ಬಹಳ ಹೊತ್ತು ಅನುಮಾನಿಸಿ ಕೊನೆಗೆ ನನ್ನನ್ನು ಕೇಳಿದರು: "ತಮಾ, ನಾಲ್ಕು ದಿನ ದೇವರ ತಲೆ ಮೇಲೆ ಒಂದು ಚೊಂಬು ನೀರು ಹೊಯ್ಯಲೆ ಅಡ್ಡಿ ಇಲ್ಯನ?"

"ಅಡ್ಡಿಲ್ಲೆ" ಎಂದೆ. ನಾನು ಅಷ್ಟು ಬೇಗ ಒಪ್ಪಿದ್ದು ಅವರಿಗೆ ಸಂತೋಷದ ಬದಲು ಸ್ವಲ್ಪ ಕಳವಳವನ್ನೇ ತಂದಿತು. ಅವರ ಕಳವಳ ಸರಿಯಾಗಿತ್ತು. ಆ ಐದು ಕಲ್ಲುಗಳು ನಿಜಕ್ಕೂ ಯಾವ ಯಾವ ಖನಿಜ ಎಂದು ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಸಾಲಿಗ್ರಾಮದ ಮಾತು ಕೇಳಿದ್ದ ಆ ಜರ್ಮನಿಯ ಮುದುಕ, "ನಿಮ್ಮ ಕಪ್ಪು ಶಂಖದ ಕಲ್ಲೊಂದನ್ನು ಕೊಟ್ಟರೆ ನಾನು ಪುಷ್ಯರಾಗದ ಹರಳು ಕೊಡುತ್ತೇನೆ" ಎಂದು ಬರೆದಿದ್ದ. ಕೊಡುವಷ್ಟು ಕೆಟ್ಟವನಲ್ಲ ನಾನು. ಆದರೆ ಆ ಕಾಗದವನ್ನು ಹರಿದು ಹಾಕದೆ ಇಟ್ಟುಕೊಳ್ಳುವಷ್ಟು ಕೆಟ್ಟವನು.

ಮೊದಲ ಎರಡು ದಿನ ಬೆಳಿಗ್ಗೆ ಪೂಜೆ ಮುಗಿಸಿ, ಭಾಗೀರಥಿಗೆ ತೀರ್ಥ ಕೊಟ್ಟೆ. ಅವಳಿಗೆ ಆಗ ಏಳು ತಿಂಗಳು. ಮೂರನೆಯ ದಿನ ಶಾಲೆಗೆ ರಜೆ. ಪೂಜೆ ಮುಗಿದು, ಅವಳು ತೀರ್ಥ ತೆಗೆದುಕೊಂಡು ನೆರೆಮನೆಗೆ ಹೋದ ಮೇಲೆ, ಐದೂ ದೇವರನ್ನು ನನ್ನ ಮೇಜಿಗೆ ತಂದೆ. ಗಂಧ ತೊಳೆದೆ. ಭೂತಕನ್ನಡಿಯಲ್ಲಿ ನೋಡಿದೆ. ಚಾಕುವಿನ ತುದಿಯಿಂದ ಗಣಪತಿಯ ಬೆನ್ನಿಗೆ ಗೀರಿದೆ. ಗಣಪತಿಗೆ ಏನೂ ಆಗಲಿಲ್ಲ, ಚಾಕುವಿನ ತುದಿ ಮೊಂಡಾಯಿತು. ಸಾಲಿಗ್ರಾಮದ ಮೇಲೆ ಒಂದು ಹನಿ ಆಮ್ಲ ಬಿಡಬೇಕೆಂದು ಸೀಸೆಯ ಬಿರಡೆ ತೆಗೆದವನು ಹಾಗೆಯೇ ಮುಚ್ಚಿದೆ. ವೈಜ್ಞಾನಿಕ ಕಾರಣ ಏನೂ ಇರಲಿಲ್ಲ. ಕೈ ಬರಲಿಲ್ಲ.

ಅದೇ ವಾರ ಜರ್ಮನಿಯಿಂದ ಒಂದು ಕೆಂಪು ಕಲ್ಲು ಬಂದಿತ್ತು. ನಮ್ಮ ಪಂಡಿತರು ಮನಶ್ಶಿಲೆ ಎನ್ನುತ್ತಾರಲ್ಲ, ಅದು. ಗಂಧಕ ಮತ್ತು ಪಾಷಾಣವೆಂಬ ವಿಷ ಕೂಡಿ ಆದದ್ದು. ಬಲು ಮೆದು, ಉಗುರಿನಿಂದ ಗೀರಿದರೂ ಗೀರು ಬೀಳುತ್ತದೆ. ದಾರಿಯಲ್ಲಿ ಉರುಳಾಡಿ ಹರಳಿನ ಮೂಲೆಗಳೆಲ್ಲ ಸವೆದು ಅಡಿಕೆಯ ಹಾಗೆ ಗುಂಡಗಾಗಿತ್ತು. ಗಣಪತಿಯೂ ಅಷ್ಟೇ ದೊಡ್ಡದು, ಅಷ್ಟೇ ಕೆಂಪು, ಅಷ್ಟೇ ಗುಂಡಗೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಬಣ್ಣವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ಬೀಗುತ್ತಿದ್ದೆ. ಆಗ ಬೀದಿಯಲ್ಲಿ ಮೋಟಾರಿನ ಹಾರನ್ನು ಕೇಳಿತು. ಅದರ ಹಿಂದೆಯೇ ಹಸನ್ ಸಾಹೇಬರ ದನಿ: "ಇಳೀರಿ, ಕಾರಕೂನ್ ಸಾಹೇಬ್ರೇ, ನಿಮ್ಮ ಮನೆ ಬಂತು."

ಅಪ್ಪಯ್ಯ ಒಂದು ದಿನ ಮೊದಲೇ ಬಂದಿದ್ದರು. ನಾನು ಮೇಜಿನ ಮೇಲಿದ್ದ ದೇವರನ್ನೆಲ್ಲ ಬಾಚಿಕೊಂಡು ಒಳಗೆ ಓಡಿದೆ. ತೇದಿಟ್ಟಿದ್ದ ಗಂಧ ಹಚ್ಚಿದೆ, ಗಣಪತಿಯ ಮೇಲೆ ರಕ್ತಚಂದನ ಬಳಿದು ಒಂದು ದಾಸವಾಳ ಇಟ್ಟೆ, ಪೆಟ್ಟಿಗೆ ಮುಚ್ಚಿದೆ, ತಿರುಗಿ ಓಡಿ ಬಂದು ಮೇಜಿನ ಮೇಲೆ ಉಳಿದ ಕಲ್ಲಿನ ಮೇಲೆ ಪೇಪರು ಎಳೆದೆ. ಅಪ್ಪಯ್ಯ ಹೊಸ್ತಿಲು ದಾಟುವಾಗ ನಾನು ಕೈಯಲ್ಲಿ ಪುಸ್ತಕ ಹಿಡಿದಿದ್ದೆ. ಪುಸ್ತಕ ತಲೆಕೆಳಗಾಗಿತ್ತೆಂದು, ಹಾರನ್ನು ಕೇಳಿ ನೆರೆಮನೆಯಿಂದ ಬಂದ ಭಾಗೀರಥಿ ಆಮೇಲೆ ಹೇಳಿದಳು.

ಮರುದಿನ ಬೆಳಿಗ್ಗೆ ನಾನು ಸ್ನಾನ, ತಿಂಡಿ ಮುಗಿಸುವುದರೊಳಗೆ ಅಪ್ಪಯ್ಯನ ಪೂಜೆ ಮುಗಿದಿತ್ತು. ಶಾಲೆಗೆ ಹೋಗುವ ಮೊದಲು ಪೇಪರಿನ ಅಡಿಯ ಕಲ್ಲನ್ನು ಅವಸರದಲ್ಲಿ ಸರಿಯಾಗಿ ನೋಡದೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿದೆ. ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಗೆಳೆಯ ಕುಲಕರ್ಣಿಗೆ ಕಾಗದ ಬರೆದೆ: ಇದು ಮನಶ್ಶಿಲೆ, ಕುಟ್ಟಿ ಪುಡಿ ಮಾಡಿ, ಆಮ್ಲದಲ್ಲಿ ಕುದಿಸಿ, ಪಾಷಾಣ ಎಷ್ಟಿದೆ ಹೇಳು. ಡಬ್ಬಿಯನ್ನು ಸಾಹೇಬರ ಕೈಗೆ ಕೊಟ್ಟು ನಿಶ್ಚಿಂತನಾದೆ.

ಈ ನಿಶ್ಚಿಂತೆ ಎರಡು ದಿನ ಇತ್ತು. ಮೂರನೆಯ ದಿನ ತರಗತಿಯಲ್ಲಿ ಗಂಧಕದ ಪಾಠ ಮಾಡುತ್ತ, ಹುಡುಗರಿಗೆ ಅದರ ವಾಸನೆಯ ಮಾತು ಹೇಳುತ್ತಿದ್ದೆ. ವಾಸನೆ ಎಂಬ ಮಾತು ಬಾಯಿಂದ ಬರುತ್ತಿದ್ದ ಹಾಗೆ ಪಾಠ ಅಲ್ಲಿಗೇ ನಿಂತಿತು. ಆ ಕಲ್ಲನ್ನು ಹತ್ತಿಯಲ್ಲಿ ಸುತ್ತುವಾಗ ಶ್ರೀಗಂಧದ ವಾಸನೆ ಬಂದಿತ್ತು.

ಬಂದಿತ್ತೇ? ಬಂದಿತ್ತು ಅನ್ನಿಸುತ್ತಿತ್ತು. ಬಂದದ್ದು ಕಲ್ಲಿನಿಂದಲೋ, ಹಿಂದಿನ ದಿನ ಗಂಧ ಹಚ್ಚಿದ ನನ್ನ ಬೆರಳಿನಿಂದಲೋ? ಕಲ್ಲಿನಿಂದ ಬಂದಿದ್ದರೆ ಧಾರವಾಡಕ್ಕೆ ಹೋದದ್ದು ಗಣಪತಿ. ಹಾಗಾದರೆ ಪೆಟ್ಟಿಗೆಯಲ್ಲಿ ಕೂತಿರುವುದು ಪಾಷಾಣ. ಅದನ್ನು ಅಪ್ಪಯ್ಯ ದಿನಾ ಮೀಯಿಸಿ, ಆ ನೀರನ್ನು ತಾವೂ ಕುಡಿದು ಏಳು ತಿಂಗಳ ಬಸುರಿಗೂ ಕುಡಿಸುತ್ತಿದ್ದಾರೆ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂದು ಪುಸ್ತಕ ಹೇಳುತ್ತದೆ. ಬೆಳಕು ತಾಗಿ ಹಳೆಯದಾದರೆ ಮೇಲಿನ ಪುಡಿಯಲ್ಲಿ ಕರಗುವ ವಿಷ ಇರಬಹುದೆಂದೂ ಅದೇ ಪುಸ್ತಕ ಅದೇ ಪುಟದ ಕೆಳಗೆ ಹೇಳುತ್ತದೆ. ಅತ್ತ ಧಾರವಾಡದಲ್ಲಿ, ಕುಟ್ಟಿ ಪುಡಿ ಮಾಡಿ ಆಮ್ಲದಲ್ಲಿ ಕುದಿಸು ಎಂದು ಬರೆದವನು ನಾನೇ. ಮುತ್ತಜ್ಜ ಕಾಶಿಯಿಂದ ನಡೆದು ತಂದ ಗಣಪತಿಯನ್ನು.

ಅಂದೇ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಡಬೇಕಿತ್ತು ಎಂದು ನೀವು ಅನ್ನುತ್ತೀರಿ. ನಾನೂ ಹಾಗೆಂದುಕೊಂಡೇ ಮಧ್ಯಾಹ್ನ ಊಟಕ್ಕೆ ಹೋದೆ. ಹೋಗಿ ನೋಡಿದರೆ ದೇವರ ಪೆಟ್ಟಿಗೆಗೆ ಬೀಗ ಬಿದ್ದಿತ್ತು, ಬೀಗದ ಕೈ ಅಪ್ಪಯ್ಯನ ಜನಿವಾರದಲ್ಲಿ ತೂಗಾಡುತ್ತಿತ್ತು. ಈ ಮನೆಯಲ್ಲಿ ದೇವರಿಗೆ ಯಾರೂ ಬೀಗ ಹಾಕಿದ್ದಿಲ್ಲ. ಏನು ನೋಡಿದರೋ, ಏನು ಸಂಶಯಪಟ್ಟರೋ ಎಂದು ಹೆದರಿ ಹೇಳುವುದನ್ನು ಮುಂದೂಡಿದೆ. ಮೊದಲು ನಾನೇ ಒಮ್ಮೆ ಉಗುರಿನಿಂದ ಗೀರಿ ನೋಡಿ ಖಾತ್ರಿ ಮಾಡಿಕೊಳ್ಳೋಣ, ಸಂಶಯದ ಮೇಲೆ ಮುದುಕರನ್ನು ಹೆದರಿಸುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ತರ್ಕ ಬಹಳ ಚೆನ್ನಾಗಿ ಒದಗಿ ಬರುತ್ತದೆ.

"ಅಪ್ಪಯ್ಯಾ, ನಾಳೆ ಪೂಜೆ ಆನು ಮಾಡ್ತೆ" ಎಂದೆ.

"ಬ್ಯಾಡ. ನಿಂಗೆ ಶಾಲೆ ಇದ್ದು. ಆನು ಇದ್ನಲಾ" ಎಂದರು ಅವರು, ನನ್ನ ಮುಖವನ್ನೇ ನೋಡುತ್ತ.

ಊಟವಾಗಿ ಅವರು ಮಲಗಿದ್ದಾಗ ಬೀಗ ಎಳೆದು ನೋಡಲು ಹೋದೆ. ಭಾಗೀರಥಿ ಬಾಗಿಲಲ್ಲಿ ನಿಂತಿದ್ದಳು. "ನಿಂಗ ಉಂಡ ಕೈಯಲ್ಲಿ ದೇವರ ಪೆಟ್ಟಿಗೆ ಮುಟ್ತ್ರ?"

"ಬೆಂಕಿಪೊಟ್ಟಣ ಹುಡುಕ್ತಾ ಇದ್ದಿದ್ದೆ."

"ಬೀಗದ ಒಳಗನ?" ಎಂದಳು ಅವಳು.

ದೂರದಿಂದ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಆ ಕೋಣೆಯಲ್ಲಿ ಬೆಳಕಿಲ್ಲ. ಗಣಪತಿ ರಕ್ತಚಂದನದೊಳಗೆ, ದಾಸವಾಳದ ಅಡಿಯಲ್ಲಿ. ಉಳಿದದ್ದು ಒಂದೇ ದಾರಿ. ತೀರ್ಥ ಅವರಿಬ್ಬರ ಹೊಟ್ಟೆಗೆ ಹೋಗದ ಹಾಗೆ ನೋಡಿಕೊಳ್ಳುವುದು. ನೆಲಕ್ಕೆ ಚೆಲ್ಲುವಂತಿಲ್ಲ, ಬೇಡವೆಂದರೆ ಕಾರಣ ಹೇಳಬೇಕು. ಹೀಗಾಗಿ ಹತ್ತು ವರ್ಷ ತೀರ್ಥ ಮುಟ್ಟದಿದ್ದ ನಾನು ಮರುದಿನ ಸೂರ್ಯ ಹುಟ್ಟುವಾಗಲೇ ಮಿಂದು, ಒದ್ದೆ ಪಂಚೆಯಲ್ಲಿ ದೇವರ ಮುಂದೆ ಕೂತೆ. ಮಂಗಳಾರತಿ ಆಗುತ್ತಿದ್ದ ಹಾಗೆ ಕೈ ಚಾಚಿದೆ. ಅಪ್ಪಯ್ಯನ ಉದ್ಧರಣೆ ಗಾಳಿಯಲ್ಲೇ ನಿಂತಿತು. ಮೂರು ಸಲ ಕೊಟ್ಟರು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೂ ಕೊಟ್ಟರು. ಕೊನೆಗೆ, "ಬಟ್ಟಲೇ ಕೊಡು ಅಪ್ಪಯ್ಯಾ" ಎಂದು ಇಸಿದುಕೊಂಡು ಗಟಗಟ ಕುಡಿದುಬಿಟ್ಟೆ. ಕುಡಿಯುವಾಗ ಕಣ್ಣಿನಲ್ಲಿ ನೀರು ಬಂತು. ಅದು ಸಾವಿನ ಭಯದ ನೀರು. ಅಪ್ಪಯ್ಯನ ಕಣ್ಣಿನಲ್ಲೂ ನೀರಿತ್ತು. ಅದು ಬೇರೆ.

ಇದು ದಿನಾ ನಡೆಯಿತು. ಅಪ್ಪಯ್ಯ ತಮ್ಮ ಪಾಲಿಗೆ ಒಂದು ಉದ್ಧರಣೆ ಮೊದಲೇ ತೆಗೆದುಕೊಳ್ಳುತ್ತಿದ್ದರು, ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ. ಭಾಗೀರಥಿಗೆ ಮಾತ್ರ ಒಂದು ಹನಿ ಉಳಿಸುತ್ತಿರಲಿಲ್ಲ. ಸುದ್ದಿ ಕೇರಿಯಲ್ಲಿ ಹಬ್ಬಿತು. ಪುಣೆಯಲ್ಲಿ ಓದಿ ಕೆಟ್ಟವನು ಸರಿಹೋದನೆಂದು ಇಬ್ಬರು ಮುದುಕರು ನನ್ನನ್ನು ನೋಡಲು ಬಂದರು. ಅವರ ಎದುರಿಗೂ ನಾನು ಬಟ್ಟಲು ಎತ್ತಿ ಕುಡಿಯಬೇಕಾಯಿತು. ಸಿದ್ದಾಪುರದಿಂದ ಅತ್ತೆಯವರ ಕಾಗದ ಬಂತು: ಅಳಿಯಂದಿರಿಗೆ ವೈರಾಗ್ಯ ಹುಟ್ಟಿದೆಯಂತೆ, ಮಗು ಹುಟ್ಟುವ ತನಕವಾದರೂ ತಡೆದು ಹಿಡಿದುಕೊಳ್ಳಬೇಕು.

ಇತ್ತ ಪುಸ್ತಕದಲ್ಲಿ ಪಾಷಾಣದ ಲಕ್ಷಣಗಳನ್ನು ಓದಿ ಓದಿ ನನಗೆ ಒಂದೊಂದೇ ಹತ್ತಿಕೊಂಡವು. ಬಾಯಿ ಒಣಗುವುದು, ಹೊಟ್ಟೆ ಉರಿಯುವುದು, ಅಂಗೈ ಒರಟಾಗುವುದು. ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ ಬರುತ್ತದೆಂದೂ ಬರೆದಿತ್ತು. ಭಾಗೀರಥಿಯ ಮುಖದ ಹತ್ತಿರ ಉಸಿರು ಬಿಟ್ಟು, "ಬೆಳ್ಳುಳ್ಳಿ ವಾಸನೆ ಬತ್ತನ?" ಎಂದು ಕೇಳಿದೆ.

"ಬೆಳ್ಳುಳ್ಳಿ ಸಾರು ಉಂಡಿಕ್ಕೆ ಬಂದ್ರೆ ಸಂಪಿಗೆ ವಾಸನೆ ಬತ್ತನ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಂಗಕ್ಕೆ ಎಂತ ಆಯ್ದು ಹೇಳಿ. ತೀರ್ಥದಲ್ಲೂ ಪಾಲಿಲ್ದಂಗೆ ಆನು ಎಂತ ತಪ್ಪು ಮಾಡಿದ್ದೆ?" ಎಂದಳು. ನಾನು ಪುಸ್ತಕದ ಪುಟ ತಿರುವಿದೆ. ಆ ಹದಿನೇಳು ದಿನಗಳಲ್ಲಿ ನನಗೆ ಈಗಲೂ ನಾಚಿಕೆಯಾಗುವುದು ಆ ಒಂದು ಗಳಿಗೆಯನ್ನು ನೆನೆದು.

ಗಣಪತಿಯನ್ನು ಕುಟ್ಟಬೇಡ ಎಂದು ಕುಲಕರ್ಣಿಗೆ ಆಗಲೇ ಮತ್ತೊಂದು ಕಾಗದ ಹಾಕಿದ್ದೆ. ಗಣಪತಿ ಎಂದು ಬರೆಯಲು ನಾಚಿಕೆಯಾಗಿ "ಕಲ್ಲಿಗೆ ಕೈ ಹಚ್ಚಬೇಡ, ಹೇಗಿದೆ ಅಷ್ಟು ತಿಳಿಸು" ಎಂದು ಬರೆದಿದ್ದೆ. ಹತ್ತು ದಿನದ ಮೇಲೆ ಉತ್ತರ ಬಂತು: ಹಂಪಿಯ ಕಡೆ ಪ್ರವಾಸ ಹೋಗಿದ್ದೆ, ಈಗ ಬಂದೆ, ನಿನ್ನ ಡಬ್ಬಿ ನಮ್ಮ ಜವಾನನ ಹತ್ತಿರ ಇದೆಯಂತೆ, ಅವನು ರಜೆಯಲ್ಲಿದ್ದಾನೆ.

ಹದಿನಾರನೆಯ ದಿನ ಅಪ್ಪಯ್ಯನಿಗೆ ಹೊಟ್ಟೆನೋವು ಬಂತು. ಹಿಂದಿನ ದಿನ ಆಚೆ ಕೇರಿಯಲ್ಲಿ ಶ್ರಾದ್ಧದ ಊಟಕ್ಕೆ ಹೋಗಿದ್ದರು. ನಾನು ಶಾಲೆಯಿಂದ ಬರುವಾಗ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಮುಖ ಬೆವರಿತ್ತು. ಶ್ರಾದ್ಧದ ಊಟ ನನಗೆ ನೆನಪಾಗಲಿಲ್ಲ. ನೆನಪಾದದ್ದು ಪುಸ್ತಕದ ಒಂದು ಸಾಲು. ಪಾಷಾಣ ಹೊಟ್ಟೆಗೆ ಹೋದವರಿಗೆ ಡಾಕ್ಟರು ಬರುವ ತನಕ ಹಸಿ ಮೊಟ್ಟೆಯ ಬಿಳಿಯ ಭಾಗವನ್ನು ಕುಡಿಸಬೇಕು.

ಚಪ್ಪಲಿ ಮೆಟ್ಟದೆ ಓಡಿದೆ. ಹಸನ್ ಸಾಹೇಬರು ಮೋಟಾರಿನ ಪಕ್ಕದಲ್ಲಿ ಕೂತು ಚಾ ಕುಡಿಯುತ್ತಿದ್ದರು.

"ಸಾಹೇಬ್ರೇ, ಎರಡು ಮೊಟ್ಟೆ ಬೇಕು."

"ಯಾರಿಗೆ?"

"ಅಪ್ಪಯ್ಯನಿಗೆ."

ಸಾಹೇಬರು ಚಾದ ಬಸಿ ಕೆಳಗಿಟ್ಟರು. "ಮಾಸ್ತರ್ರೇ, ನಿಮ್ಮ ತಂದೆಯವರು ನಮ್ಮ ಮೋಟಾರಿನ ಸೀಟಿಗೆ ನೀರು ಚಿಮುಕಿಸಿ ಕೂರೋ ಮನುಷ್ಯರು. ಅವರು ಮೊಟ್ಟೆ ತರೋಕೆ ಹೇಳಿದರಾ?"

"ಅವರಿಗೆ ಗೊತ್ತಿಲ್ಲ. ಜೀವದ ಪ್ರಶ್ನೆ."

ನನ್ನ ಮುಖ ನೋಡಿ ಅವರು ಎದ್ದರು. ಮನೆಯೊಳಗಿಂದ ಎರಡು ಮೊಟ್ಟೆ ತಂದು ಬಾಳೆಲೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. "ಹುಷಾರಾಗಿ ಒಯ್ಯಿರಿ. ಇದು ನಿಮ್ಮ ಕಲ್ಲಲ್ಲ" ಎಂದರು.

ಹುಷಾರು ಎಲ್ಲಿಂದ ಬರಬೇಕು? ಮನೆಯ ಮೆಟ್ಟಿಲು ಹತ್ತುವಾಗ ಕೋಟಿನ ಬಲಗಿಸೆ ಬಾಗಿಲ ಚೌಕಟ್ಟಿಗೆ ತಾಗಿತು. ಕಿಸೆಯಿಂದ ಒಂದು ಎಳೆ ಅಂಟಂಟಾಗಿ ಇಳಿದು ಬಂತು. ಅಪ್ಪಯ್ಯ ಕಣ್ಣು ತೆರೆದು ನೋಡಿದರು.

"ಕಿಸೆಯಲ್ಲಿ ಎಂತದು?"

"ಮೊಟ್ಟೆ."

"ಎಂತಕ್ಕೆ?"

"ನಿಂಗೆ ಕುಡಿಸಲೆ" ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಹೇಳಲು ಏನೂ ಕಷ್ಟವಾಗಲಿಲ್ಲ. ಮೇಜು, ಚಾಕು, ಆಮ್ಲದ ಸೀಸೆ, ಹಾರನ್ನು, ಶ್ರೀಗಂಧದ ವಾಸನೆ, ಧಾರವಾಡ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಭಾಗೀರಥಿ ಒಳಬಾಗಿಲಲ್ಲಿ ಬಂದು ನಿಂತಳು. ಅಪ್ಪಯ್ಯ ಮೆಲ್ಲಗೆ ಎದ್ದು ಗೋಡೆಗೆ ಒರಗಿ ಕೂತರು.

"ಮೊದ್ಲು ಆ ಕೋಟು ಬಾವಿಕಟ್ಟೆ ಹತ್ರ ಬಿಚ್ಚಿಟ್ಟಿಕ್ಕೆ ಬಾ" ಎಂದರು.

ಬಿಚ್ಚಿಟ್ಟು ಬಂದೆ.

"ಆನು ಬಂದ ಮರುದಿನವೇ ಗೊತ್ತಾಯ್ದು" ಎಂದರು ಅವರು. "ನೀರು ಹೊಯ್ಯಲೆ ಹೇಳಿ ಗಣಪತಿನ ಕೈಗೆ ತಗಂಡೆ. ಭಾರ ಆಗಿದ್ದ. ನಲವತ್ತು ವರ್ಷ ಮೀಸಿದ ಕೈ ಇದು. ಮೂರು ದಿನ ನೀನು ಇಟ್ಟ ನೈವೇದ್ಯಕ್ಕೆ ಅವಂಗೆ ಅಷ್ಟು ತೂಕ ಬಪ್ಪಲೆ ಸಾಧ್ಯ ಇಲ್ಲೆ. ನೀನು ಬಚ್ಚಲಲ್ಲಿ ಇದ್ದಿದ್ದೆ. ನಿನ್ನ ಮೇಜಿನ ಹತ್ರ ಹೋದೆ. ಪೇಪರಿನ ಅಡಿಗೆ ಇದ್ದಿದ್ದ. ನಿನ್ನ ಕಲ್ಲು ಅಲ್ಲಿಟ್ಟೆ, ಅವನ್ನ ಒಳಗೆ ತಂದೆ, ಎರಡು ಚೊಂಬು ನೀರು ಜಾಸ್ತಿ ಹೊಯ್ದೆ. ಆಮೇಲೆ ಬೀಗ ಹಾಕಿದೆ."

"ನಂಗೆ ಹೇಳಲಾಗಿತ್ತಲಾ ಅಪ್ಪಯ್ಯಾ."

"ಬೈಯವು ಹೇಳಿಯೇ ಮಾಡಿದ್ದೆ. ಅಷ್ಟೊತ್ತಿಗೆ ನೀನು ಬಂದು ತೀರ್ಥಕ್ಕೆ ಕೈ ಒಡ್ಡಿದೆ." ಅವರು ಹೊಟ್ಟೆಯ ಮೇಲೆ ಕೈಯಾಡಿಸುತ್ತ, "ಎಂತಕ್ಕೋ ಏನೋ, ಕುಡಿತಾ ಇದ್ದ, ಕುಡಿಲಿ ಹೇಳಿ ಬಿಟ್ಟೆ" ಎಂದರು.

"ಹಂಗಾರೆ ನಿಂಗಕ್ಕೆ ಹೊಟ್ಟೆನೋವು ಎಂತಕ್ಕೆ ಬಂತು, ಮಾವಯ್ಯಾ?" ಎಂದಳು ಭಾಗೀರಥಿ.

"ವಡೆ ಎರಡು ಜಾಸ್ತಿ ಆತು. ಓಮದ ನೀರು ತಗಂಬಾ."

ಅವಳು ಓಮದ ನೀರು ತಂದು ಕೊಟ್ಟು, ಹೋಗುವಾಗ ನನ್ನ ಹತ್ತಿರ ನಿಂತು, "ನಾಳೆಯಿಂದ ನನ್ನ ಪಾಲು ನಂಗೆ ಬಿಡವು" ಎಂದಳು. ಅಷ್ಟೇ.

ಆ ಹೊತ್ತಿಗೆ ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಮಗ ಅಳುವುದನ್ನು ನೋಡಲಾರದೆ ಅಪ್ಪಯ್ಯ ಕಥೆ ಕಟ್ಟಿರಬಹುದಲ್ಲ ಎಂದು ಸಂಜೆಗೆ ಸಂಶಯ ಶುರುವಾಯಿತು. ಅದನ್ನು ತೀರಿಸಿದ್ದು ಮರುದಿನ ಬಂದ ಕುಲಕರ್ಣಿಯ ಕಾಗದ. "ಡಬ್ಬಿ ಸಿಕ್ಕಿತು. ನಿನ್ನ ಕಲ್ಲು ಮನಶ್ಶಿಲೆಯೇ ಹೌದು, ಒಳ್ಳೆ ಮಾಲು, ಉಗುರು ತಾಗಿಸಿದರ ಗೀರು ಬೀಳತದ. ಆದರ ಅದರ ಮೈತುಂಬ ಗಂಧ ಯಾಕ ಹಚ್ಚೀಯೋ ಮಾರಾಯ? ಒಂದು ದಾಸವಾಳದ ಎಸಳೂ ಅಂಟಿಕೊಂಡದ. ಇದು ಜರ್ಮನಿಯ ಹೊಸ ಪದ್ಧತಿ ಏನು?"

ಗಂಧದ ವಾಸನೆ ಬಂದದ್ದು ಕಲ್ಲಿನಿಂದಲೇ; ಗಾಬರಿಯಲ್ಲಿ ಗಣಪತಿಯೆಂದು ನಾನು ಗಂಧ ಹಚ್ಚಿದ್ದು ಮನಶ್ಶಿಲೆಗೆ. ನನ್ನ ನೆನಪು ಸರಿಯಾಗಿಯೇ ಇತ್ತು. ಬದುಕಿನಲ್ಲಿ ಒಮ್ಮೆ ನನ್ನ ನೆನಪು ನಿಜ ಹೇಳಿದಾಗ, ಅದರಿಂದ ನಾನು ತಪ್ಪು ಲೆಕ್ಕ ಹಾಕಿ ಹದಿನೇಳು ದಿನ ಸತ್ತೆ. ಗೀರಿ ನೋಡಿ, ತೂಗಿ ನೋಡಿ ಎಂದಿದ್ದರು ಪ್ರೊಫೆಸರರು. ಗೀರುವುದನ್ನು ಕಲಿತ ನಾನು ತೂಗುವುದನ್ನು ಮರೆತೆ. ಮನಶ್ಶಿಲೆ ಅಷ್ಟೇ ಗಾತ್ರದ ಬೇರೆ ಕಲ್ಲಿಗಿಂತ ಭಾರವೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಕಾಲೇಜಿನ ಮೆಟ್ಟಿಲು ಹತ್ತದ ಅಪ್ಪಯ್ಯ ಅದನ್ನು ಅಂಗೈಯಲ್ಲಿ ಹಿಡಿದು ಹೇಳಿದರು.

ಭಾಗೀರಥಿ ಸಿದ್ದಾಪುರದಲ್ಲಿ ಹೆತ್ತಳು. ಹೆಣ್ಣುಮಗು, ಆರೋಗ್ಯವಾಗಿದೆ. ಹುಟ್ಟಿದ ದಿನ ಅದರ ಹತ್ತು ಬೆರಳಿನ ಉಗುರುಗಳನ್ನೂ ನಾನು ಭೂತಕನ್ನಡಿಯಲ್ಲಿ ನೋಡಿದ್ದನ್ನು ಅತ್ತೆಯವರು ಇಂದಿಗೂ ಎಲ್ಲರಿಗೂ ಹೇಳುತ್ತಾರೆ. ಹಸನ್ ಸಾಹೇಬರು ಅಪ್ಪಯ್ಯನನ್ನು ಕಂಡಾಗಲೆಲ್ಲ ಹೊಟ್ಟೆ ಹೇಗಿದೆ ಎಂದು ವಿಚಾರಿಸುತ್ತಾರೆ, ಬೇರೆ ಏನೂ ಹೇಳುವುದಿಲ್ಲ. ಅಪ್ಪಯ್ಯನಿಗೆ ಈಗ ಬೆನ್ನು ಬಗ್ಗುವುದಿಲ್ಲ. ಒಂದು ದಿನ ಬೀಗದ ಕೈಯನ್ನು ತಮ್ಮ ಜನಿವಾರದಿಂದ ಬಿಚ್ಚಿ ನನ್ನ ಜನಿವಾರಕ್ಕೆ ಕಟ್ಟಿದರು. ಬೇಡವೆನ್ನುವ ಮುಖ ನನಗೆ ಉಳಿದಿರಲಿಲ್ಲ.

ಹೀಗಾಗಿ ಈಗ ದಿನಾ ಪೂಜೆ ನನ್ನದು. ಕಣ್ಣು ಮುಚ್ಚಿ, ಗಣಪತಿಯನ್ನು ಬಲಗೈಯಲ್ಲಿ ಹಿಡಿದು, ಸ್ವಲ್ಪ ಮೇಲೆತ್ತಿ, ತುಸು ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಮನೆಗೆ ಬಂದವರು ಅದನ್ನು ನೋಡಿ, ಎಂಥ ಧ್ಯಾನ ಎಂದು ಒಬ್ಬರಿಗೊಬ್ಬರು ಪಿಸುಗುಟ್ಟುತ್ತಾರೆ. ಜಗಲಿಯಲ್ಲಿ ಕೂತ ಅಪ್ಪಯ್ಯ ಮಾತ್ರ ಒಳಗೆ ಬಗ್ಗಿ ನೋಡಿ ಕೇಳುತ್ತಾರೆ: "ತೂಕ ಸರಿ ಇದ್ದನ ತಮಾ?"

"ಸರಿ ಇದ್ದು" ಎನ್ನುತ್ತೇನೆ. ಆಮೇಲೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಎತ್ತಿ ನೋಡುತ್ತೇನೆ.